ಹೆಸರಿಲ್ಲದ ಡಬ್ಬಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಲಸದ ಜಾಗದಲ್ಲಿ ಬಳಸುವ ಅಪಾಯಕಾರಿ ವಸ್ತುಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರು ಬೇರೆ ಬೇರೆ ಕಸುಬಿನವರಾದರೂ ಬಹುತೇಕ ಎಲ್ಲ ಪತ್ರಗಳಲ್ಲೂ ಹೆಸರು ಅಳಿಸಿಹೋದ ಒಂದು ಕ್ಯಾನೋ, ಬಾಟಲಿಯೋ, ಯಾವುದೆಂದು ಯಾರೂ ಹೇಳಿರದ ಒಂದು ಪುಡಿಯೋ ಇದೆ. ಪೀಣ್ಯದ ಪತ್ರದಲ್ಲಿರುವ ಅಪಾಯ ತೀರ ಹತ್ತಿರದ್ದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ ಹರಿಸಿ ಲೋಹದ ಲೇಪನ ಕೊಡುವ) ಘಟಕವೊಂದರಲ್ಲಿ ನಾನು ಮೇಲ್ವಿಚಾರಕ. ಹದಿನಾಲ್ಕು ಜನ ಕೆಲಸಗಾರರಿದ್ದಾರೆ. ಶೆಡ್ಡಿನ ಒಂದು ಬದಿಯಲ್ಲಿ ಸೈನೈಡ್ ಬಳಸುವ ಜಿಂಕ್ ಪ್ಲೇಟಿಂಗ್, ಇನ್ನೊಂದು ಬದಿಯಲ್ಲಿ ಕ್ರೋಮ್ ಪ್ಲೇಟಿಂಗ್ ನಡೆಯುತ್ತದೆ. ಸ್ಟೋರ್ ರೂಮ್ ಮಾತ್ರ ಒಂದೇ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗನೊಬ್ಬ ಲೇಬಲ್ ಕಿತ್ತುಹೋಗಿದ್ದ ಕ್ಯಾನಿನಲ್ಲಿ ನೀರಿದೆಯೆಂದು ತಿಳಿದು ಅದನ್ನು ಸೈನೈಡ್ ಟ್ಯಾಂಕಿಗೆ ಸುರಿಯಲು ಹೋಗಿದ್ದ. ಅದರಲ್ಲಿ ಇದ್ದದ್ದು ಆ್ಯಸಿಡ್. ಪಕ್ಕದಲ್ಲಿದ್ದ ಹಿರಿಯ ಕೆಲಸಗಾರ ಅವನ ಕೈ ಹಿಡಿದು ತಡೆದ. ಎಲ್ಲರಿಗೂ ಮಾಸ್ಕ್ ಮತ್ತು ಗ್ಲೌಸ್ ತರಿಸಿಕೊಡುವುದಾಗಿ ಮಾಲೀಕರು ಹೇಳಿದ್ದಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಆ ಹಿರಿಯ ಕೆಲಸಗಾರ ತಡೆದದ್ದು ಎಂಥ ಅನಾಹುತವನ್ನು ಎಂಬುದನ್ನು ನಿಮ್ಮ ಮಾಲೀಕರಿಗೂ ಉಳಿದ ಹದಿಮೂರು ಜನರಿಗೂ ನೀವು ಬಿಡಿಸಿ ಹೇಳಬೇಕು. ಪ್ಲೇಟಿಂಗ್ ಟ್ಯಾಂಕಿನಲ್ಲಿರುವ ಸೋಡಿಯಂ ಸೈನೈಡ್ ದ್ರಾವಣವನ್ನು ಬೇಕೆಂದೇ ತೀವ್ರ ಕ್ಷಾರೀಯವಾಗಿ ಇಟ್ಟಿರುತ್ತಾರೆ. ಆ ಕ್ಷಾರ ಇರುವವರೆಗೆ ಸೈನೈಡ್ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಅದಕ್ಕೆ ಆ್ಯಸಿಡ್ ಬಿದ್ದೊಡನೆ ಅದು ಹೈಡ್ರೋಜನ್ ಸೈನೈಡ್ ಆಗಿ ಮೇಲೇಳುತ್ತದೆ. ಇದರ ಕುದಿಯುವ ಬಿಂದು ಸುಮಾರು 26 ಡಿಗ್ರಿ ಸೆಲ್ಸಿಯಸ್ ಮಾತ್ರ, ಅಂದರೆ ಬೆಂಗಳೂರಿನ ಸಾಧಾರಣ ಮಧ್ಯಾಹ್ನದ ಶಾಖವೇ ಅದನ್ನು ಅನಿಲವಾಗಿಸಲು ಸಾಕು. ಉಸಿರಿನೊಡನೆ ಒಳಹೊಕ್ಕ ಈ ಅನಿಲವು ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುವುದರಿಂದ, ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹಕ್ಕೆ ಅದು ದಕ್ಕುವುದಿಲ್ಲ. ಪ್ರಮಾಣ ಹೆಚ್ಚಿದ್ದರೆ ಕೆಲವೇ ನಿಮಿಷಗಳಲ್ಲಿ ಸಾವು ಬರುತ್ತದೆ. ಕಹಿ ಬಾದಾಮಿಯಂಥ ವಾಸನೆಯಿಂದ ಗುರುತಿಸಬಹುದು ಎನ್ನುವ ಮಾತನ್ನು ನೆಚ್ಚಿಕೊಳ್ಳಬೇಡಿ. ಆ ವಾಸನೆಯನ್ನು ಹುಟ್ಟಿನಿಂದಲೇ ಗ್ರಹಿಸಲಾರದವರು ಅನೇಕರಿದ್ದಾರೆ.

ಸ್ಟೋರ್ ರೂಮ್ ಒಂದೇ ಇರುವುದು ಮೊದಲ ತಪ್ಪು. ಸೈನೈಡಿಗೆ ಬೇರೆಯೇ ಕೋಣೆ, ಬೇರೆಯೇ ಬೀಗ, ಬೀಗದ ಕೈಗೆ ಹೆಸರಿಸಿದ ಒಬ್ಬ ಜವಾಬ್ದಾರ, ತೂಕ ಬರೆಯುವ ಪುಸ್ತಕ ಇರಬೇಕು. ಜಾಗವಿಲ್ಲವೆಂದು ಮಾಲೀಕರು ಹೇಳಿದರೆ, ಇರುವ ಕೋಣೆಯ ನಡುವೆ ಮೇಲಿನವರೆಗೆ ಗೋಡೆ ಎಬ್ಬಿಸಿ ಎರಡು ಕಡೆಯಿಂದ ಎರಡು ಬಾಗಿಲು ತೆರೆಸಲು ಹೇಳಿ. ಒಂದೇ ಕೋಣೆಯ ಎರಡು ಮೂಲೆಗಳು ಬೇರೆ ಬೇರೆ ಜಾಗವಾಗುವುದಿಲ್ಲ, ಏಕೆಂದರೆ ಸೋರಿದ ಆ್ಯಸಿಡ್ ನೆಲದ ಇಳಿಜಾರು ಹಿಡಿದು ಹರಿಯುತ್ತದೆ. ಆ್ಯಸಿಡ್ ಕ್ಯಾನುಗಳ ಸುತ್ತ, ಅಲ್ಲಿರುವ ಅತಿ ದೊಡ್ಡ ಕ್ಯಾನು ಪೂರ್ತಿ ಒಡೆದರೂ ಹೊರಗೆ ಹರಿಯದಷ್ಟು ಎತ್ತರದ ಕಟ್ಟೆ ಇರಲಿ.

ಇದಕ್ಕಿಂತ ಹೆಚ್ಚು ಕಾಡುವ ವಿಷಯ ನಿಮ್ಮ ಮೋರಿ. ಅದರ ಬಗ್ಗೆ ನೀವು ಬರೆದಿಲ್ಲ, ಆದರೆ ಸೈನೈಡ್ ಮತ್ತು ಕ್ರೋಮ್ ಒಂದೇ ಶೆಡ್ಡಿನಲ್ಲಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ಕ್ರೋಮ್ ತ್ಯಾಜ್ಯನೀರನ್ನು ಶುದ್ಧಿ ಮಾಡುವುದು ಅದನ್ನು ಆಮ್ಲೀಯಗೊಳಿಸಿ, ಆಮ್ಲ, ಕ್ಷಾರಗಳ ಅಳತೆಯಾದ ಪಿಎಚ್ ಅನ್ನು 2ರಿಂದ 3ರ ಆಸುಪಾಸಿಗೆ ಇಳಿಸಿ, ಬೈಸಲ್ಫೈಟ್ ಸೇರಿಸುವ ಮೂಲಕ. ಸೈನೈಡ್ ತ್ಯಾಜ್ಯನೀರಿನದು ಇದಕ್ಕೆ ನೇರ ವಿರುದ್ಧವಾದ ದಾರಿ: ಪಿಎಚ್ 10ಕ್ಕಿಂತ ಮೇಲಿಟ್ಟು ಸೋಡಿಯಂ ಹೈಪೋಕ್ಲೋರೈಟ್ ಸೇರಿಸಬೇಕು. ಸೈನೈಡ್ ಬದಿಯ ತೊಳೆನೀರು ಕ್ರೋಮ್ ಬದಿಯ ತೊಟ್ಟಿಗೆ ಸೇರಿತೆಂದರೆ, ಆ ಹುಡುಗ ಮಾಡಹೊರಟಿದ್ದ ಕೆಲಸವನ್ನೇ ಮೋರಿ ತಾನಾಗಿ ಮಾಡುತ್ತದೆ, ಅದೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಜಿಂಕ್ ಪ್ಲೇಟಿಂಗಿಗೆ ಮುಂಚೆ ತುಕ್ಕು ತೆಗೆಯಲು ಬಳಸುವ ಹೈಡ್ರೋಕ್ಲೋರಿಕ್ ಆ್ಯಸಿಡ್ಡಿನ ತೊಳೆನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡು ಬೇರೆ ಕಾಲುವೆ, ಎರಡು ಬೇರೆ ತೊಟ್ಟಿ, ಮಳೆಗಾಲದಲ್ಲಿ ಉಕ್ಕಿದರೂ ಒಂದನ್ನೊಂದು ಮುಟ್ಟದ ಏರ್ಪಾಡು ಆಗಲೇಬೇಕು. ಇದರಲ್ಲಿ ರಾಜಿಗೆ ಎಡೆಯಿಲ್ಲ.

ಇನ್ನು ಹೆಸರಿನ ಮಾತು. ದೊಡ್ಡ ಡ್ರಮ್ಮಿನಿಂದ ಸಣ್ಣ ಕ್ಯಾನಿಗೆ ಬಗ್ಗಿಸಿಕೊಂಡ ಕ್ಷಣದಲ್ಲೇ ಹೆಸರು ಕಳೆದುಹೋಗುವುದು ಎಲ್ಲ ಸಣ್ಣ ಘಟಕಗಳ ಪಾಡು. ಬಗ್ಗಿಸುವ ಮೊದಲೇ ಕ್ಯಾನಿನ ಮೇಲೆ ಹೆಸರು ಬರೆದಿರಬೇಕು, ಬಗ್ಗಿಸಿದ ಮೇಲೆ ಅಲ್ಲ. ನೀರಿಗೆ ಬಾಯಿ ತೆರೆದ ಬಕೆಟ್ಟು, ಆ್ಯಸಿಡ್ಡಿಗೆ ಕೆಂಪು ಪಟ್ಟಿಯ ಕ್ಯಾನು ಎಂಬಂತೆ ಪಾತ್ರೆಯ ಆಕಾರವೇ ಬೇರೆಯಾಗಿದ್ದರೆ ಇನ್ನೂ ಒಳ್ಳೆಯದು. ಪೀಣ್ಯದ ಶೆಡ್ಡುಗಳಲ್ಲಿ ಇಂದು ದುಡಿಯುವವರಲ್ಲಿ ಒಡಿಶಾ, ಬಿಹಾರಗಳಿಂದ ಬಂದವರೂ ಬಹಳ ಇದ್ದಾರೆ. ಕನ್ನಡದಲ್ಲಿ ಮಾತ್ರವೋ ಇಂಗ್ಲಿಷಿನಲ್ಲಿ ಮಾತ್ರವೋ ಬರೆದ ಲೇಬಲ್ ಅವರ ಪಾಲಿಗೆ ಖಾಲಿ ಕಾಗದ. ಅವರು ಓದುವ ಭಾಷೆಯಲ್ಲಿ ಹೆಸರು, ಓದಲಾರದವರಿಗಾಗಿ ತಲೆಬುರುಡೆಯ ಗುರುತು ಮತ್ತು ಕೈ ಸುಡುವ ಗುರುತು, ಇವು ಇರಲಿ. ರಾಸಾಯನಿಕ ಮಾರಿದವರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ 16 ಭಾಗಗಳಿರುತ್ತವೆ. ಎಲ್ಲವನ್ನೂ ಓದಲು ಸಮಯವಿಲ್ಲದಿದ್ದರೆ ಅಪಾಯಗಳನ್ನು ಹೇಳುವ 2ನೆಯ ಭಾಗ, ಪ್ರಥಮ ಚಿಕಿತ್ಸೆಯ 4ನೆಯದು, ಬಳಕೆ ಮತ್ತು ದಾಸ್ತಾನಿನ 7ನೆಯದು, ಯಾವುದರೊಡನೆ ಸೇರಬಾರದೆಂದು ತಿಳಿಸುವ 10ನೆಯದು, ಈ ನಾಲ್ಕನ್ನಾದರೂ ಕೆಲಸಗಾರರ ಮುಂದೆ ಗಟ್ಟಿಯಾಗಿ ಓದಿ ಅರ್ಥ ಹೇಳಿ.

ಮಾಸ್ಕ್ ಬಗ್ಗೆ ಕೇಳಿದ್ದೀರಿ. ಅಂಗಡಿಯಲ್ಲಿ ಸಿಗುವ ಬಟ್ಟೆಯ ಮಾಸ್ಕಾಗಲಿ ಎನ್95 ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ, ಕಣಗಳನ್ನಷ್ಟೇ ಸೋಸುತ್ತದೆ. ಕ್ರೋಮ್ ಟ್ಯಾಂಕಿನ ವಿಚಾರದಲ್ಲಿ ಅಪಾಯ ಬೇರೆ ರೂಪದ್ದು. ವಿದ್ಯುತ್ ಹರಿದಾಗ ಏಳುವ ಗುಳ್ಳೆಗಳು ಒಡೆದು ಕ್ರೋಮಿಕ್ ಆಮ್ಲದ ಸಣ್ಣ ತುಂತುರನ್ನು ಗಾಳಿಗೆ ಎರಚುತ್ತವೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಈ ರೂಪ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ಅದಕ್ಕೂ ಮೊದಲು ಅದು ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತಿನ್ನುತ್ತದೆ. ಹೆಚ್ಚು ನೋವಿಲ್ಲದೆ ತೂತು ಬೀಳುವುದರಿಂದ ಕೆಲಸಗಾರನಿಗೆ ಅದು ಗೊತ್ತೇ ಆಗದಿರಬಹುದು. ಮೂಗಿನಲ್ಲಿ ಪದೇ ಪದೇ ಹಕ್ಕಳೆ ಕಟ್ಟುವುದು, ರಕ್ತ ಬರುವುದು, ಬೆರಳ ಸಂದಿನಲ್ಲಿ ವಾಸಿಯಾಗದ ಸಣ್ಣ ಗುಳಿಹುಣ್ಣು ಇದ್ದವರನ್ನು ಆ ದಿನವೇ ವೈದ್ಯರಿಗೆ ತೋರಿಸಿ. ಕ್ರೋಮ್ ಹುಣ್ಣು ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆ. ಟ್ಯಾಂಕಿನ ಅಂಚಿನಲ್ಲೇ ತುಂತುರನ್ನು ಎಳೆದುಕೊಳ್ಳುವ ಗಾಳಿಕೊಳವೆ ಕೂಡಿಸುವುದು ಇದಕ್ಕೆ ಸರಿಯಾದ ಪರಿಹಾರ. ತಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಆ ತುಂತುರನ್ನು ಕೆಲಸಗಾರನ ಮುಖದ ಮುಂದಿನಿಂದಲೇ ಎಳೆದೊಯ್ಯುತ್ತದೆ, ಆದ್ದರಿಂದ ಅದನ್ನು ಪರಿಹಾರವೆಂದು ಭಾವಿಸಬೇಡಿ.

ಎಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಸೈನೈಡ್ ಬೇಕೇ ಎಂಬುದು. ಸೈನೈಡ್ ಇಲ್ಲದ ಕ್ಷಾರೀಯ ಜಿಂಕ್ ಪ್ಲೇಟಿಂಗ್ ಮತ್ತು ಕ್ಲೋರೈಡ್ ಜಿಂಕ್ ಪ್ಲೇಟಿಂಗ್ ಎರಡೂ ಬಹುಕಾಲದಿಂದ ಬಳಕೆಯಲ್ಲಿವೆ. ಅಲಂಕಾರದ ಕ್ರೋಮ್ ಲೇಪನಕ್ಕೆ ಕ್ರೋಮಿಯಮ್ಮಿನ ಕಡಿಮೆ ವಿಷದ ರೂಪವಾದ ಟ್ರೈವೇಲೆಂಟ್ ಕ್ರೋಮಿಯಂ ಇದೆ. ಬದಲಾವಣೆಗೆ ಹಣ ಬೇಕು, ಕೆಲಸ ಕಲಿಯಲು ಸಮಯವೂ ಬೇಕು, ನಿಜ. ಆದರೆ ವಿಷವೇ ಒಳಗಿಲ್ಲದ ಶೆಡ್ಡಿನಲ್ಲಿ ಹೊಸ ಹುಡುಗನ ತಪ್ಪು ಬರೀ ತಪ್ಪಾಗಿ ಉಳಿಯುತ್ತದೆ. ಆವರೆಗೆ ಸೈನೈಡ್ ಬದಿಯಲ್ಲಿ ಯಾರೂ ಒಂಟಿಯಾಗಿ ಕೆಲಸ ಮಾಡಬಾರದು. ಒಬ್ಬ ಕುಸಿದು ಬಿದ್ದರೆ ಉಸಿರಾಟದ ಉಪಕರಣವಿಲ್ಲದೆ ಇನ್ನೊಬ್ಬ ಒಳಗೆ ನುಗ್ಗಬಾರದು, ಬಾಯಿಗೆ ಬಾಯಿ ಇಟ್ಟು ಉಸಿರು ಊದಬಾರದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸೈನೈಡ್ ವಿಷಕ್ಕೆ ಪ್ರತಿವಿಷ ಇದೆ ಎಂಬುದನ್ನು ಇಂದೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಕಾನೂನು ನಿಮ್ಮ ಪಕ್ಷದಲ್ಲಿದೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೋಸೈನೇಟ್ ಸೋರಿದಾಗ, ತಮ್ಮ ಊರಿನ ನಡುವೆ ಏನನ್ನು ದಾಸ್ತಾನು ಮಾಡಲಾಗಿತ್ತೆಂಬುದು ಸುತ್ತಲಿನ ಜನರಿಗೆ ತಿಳಿದಿರಲಿಲ್ಲ. ಆ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಹೊಸ ಅಧ್ಯಾಯವೊಂದನ್ನು ಸೇರಿಸಿ, ಅಪಾಯಕಾರಿ ಪ್ರಕ್ರಿಯೆಯ ಮಾಹಿತಿಯನ್ನು ಕೆಲಸಗಾರರಿಗೆ ತಿಳಿಸುವುದನ್ನು ಮಾಲೀಕರ ಕಡ್ಡಾಯ ಹೊಣೆಯಾಗಿಸಲಾಯಿತು, ಸನ್ನಿಹಿತ ಅಪಾಯ ಕಂಡಾಗ ಅದನ್ನು ಆಡಳಿತದ ಗಮನಕ್ಕೂ ನಿರೀಕ್ಷಕರ ಗಮನಕ್ಕೂ ತರುವ ಹಕ್ಕನ್ನು ಕೆಲಸಗಾರರಿಗೆ ಕೊಡಲಾಯಿತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಈ ಎರಡೂ ಅಂಶಗಳಿವೆ. ಆ ಹಿರಿಯ ಕೆಲಸಗಾರನನ್ನು ಕೂರಿಸಿಕೊಂಡು, ಹೋದ ತಿಂಗಳ ಘಟನೆಯನ್ನು ದಿನಾಂಕ ಸಹಿತ ಬರೆದು ಮಾಲೀಕರಿಗೆ ಲಿಖಿತವಾಗಿ ಕೊಡಿ. ಹುಡುಗನನ್ನು ಬೈಯಬೇಡಿ. ಹೆಸರಿಲ್ಲದ ಕ್ಯಾನನ್ನು ಅಲ್ಲಿ ಇಟ್ಟವನು ಅವನಲ್ಲ.

ಪ್ರಶ್ನೆ: ಮೈಸೂರಿನ ವಸತಿಗೃಹವೊಂದರಲ್ಲಿ ಸ್ವಚ್ಛತೆಯ ಕೆಲಸ ನೋಡಿಕೊಳ್ಳುತ್ತೇನೆ. ಕಲೆ ಹೋಗದಿದ್ದಾಗ ನಮ್ಮ ಹೆಂಗಸರು ಟಾಯ್ಲೆಟ್ ಆ್ಯಸಿಡ್ ಹಾಕಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿ ಉಜ್ಜುತ್ತಾರೆ. ಒಬ್ಬರಿಗೆ ಕೆಮ್ಮು ಬಂದು ಎರಡು ದಿನ ನಿಲ್ಲಲಿಲ್ಲ. ಯಾವುದರ ಅಲರ್ಜಿ ಇರಬಹುದು?

ಉತ್ತರ: ಅಲರ್ಜಿಯಲ್ಲ. ಆ ಸಣ್ಣ ಸ್ನಾನದ ಮನೆಯಲ್ಲಿ ಅವರು ತಮಗೆ ಗೊತ್ತಿಲ್ಲದೆ ಕ್ಲೋರಿನ್ ಅನಿಲವನ್ನು ತಯಾರಿಸಿದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬ್ಲೀಚಿಂಗ್ ಪೌಡರಾಗಲಿ ‘ಹೈಪೋ’ ಎಂದು ಕರೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರವವಾಗಲಿ ಆಮ್ಲವನ್ನು ಸೇರಿದೊಡನೆ ಕ್ಲೋರಿನ್ ಬಿಡುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲೇ ನಿಲ್ಲುತ್ತದೆ, ಉಜ್ಜುವವರ ಮುಖವಿರುವುದೂ ಅಲ್ಲಿಯೇ. ಶ್ವಾಸಕೋಶದಲ್ಲಿ ನೀರು ತುಂಬುವಂಥ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ, ಉಸಿರು ಕಟ್ಟಿದಂತಾದವರನ್ನು ‘ಈಗ ಸರಿಹೋಯಿತು’ ಎಂದು ಮನೆಗೆ ಕಳುಹಿಸದೆ ವೈದ್ಯರಿಗೆ ತೋರಿಸಬೇಕು. ಕೆಮ್ಮು ಇನ್ನೂ ಇದ್ದರೆ ಅವರನ್ನು ಈಗಲಾದರೂ ಕರೆದೊಯ್ಯಿರಿ, ಏನು ಬೆರೆಸಿದ್ದರೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಒಂದು ದಿನ ಒಂದು ವಸ್ತು ಎಂಬ ನಿಯಮ ಮಾಡಿ. ಆ್ಯಸಿಡ್ ಬಳಸಿದ ಕೋಣೆಯಲ್ಲಿ ಆ ದಿನ ಬ್ಲೀಚಿಂಗ್ ಬೇಡ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಹೊತ್ತೊಯ್ಯುವುದೂ ಬೇಡ. ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನು ಬ್ಲೀಚಿಂಗಿನೊಡನೆ ಸೇರಿಸಿದರೂ ಕ್ಲೋರಮೀನ್ ಎಂಬ ಉಸಿರುಗಟ್ಟಿಸುವ ಅನಿಲ ಬರುತ್ತದೆ. ಕ್ಯಾನಿನಿಂದ ಹಳೆಯ ನೀರಿನ ಬಾಟಲಿಗೆ ತುಂಬಿಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ನಿಲ್ಲಿಸಿ. ಆ ಹೆಂಗಸರಲ್ಲಿ ಯಾರೂ ತಪ್ಪು ಮಾಡಿಲ್ಲ. ಹೆಚ್ಚು ಶುಚಿಯಾಗಲೆಂದು ಎರಡನ್ನೂ ಹಾಕಿದ್ದಾರೆ, ಎರಡು ಸೇರಬಾರದೆಂದು ಅವರಿಗೆ ಹೇಳಿದವರಿಲ್ಲ.

ಪ್ರಶ್ನೆ: ಮಾನ್ಯರೇ, ನಮ್ಮದು ಹುಬ್ಬಳ್ಳಿ. ನಮ್ಮ ಯಜಮಾನರು ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಸೀಸ ತೆಗೆಯುವ ಕಡೆ ಕೆಲಸ ಮಾಡುತ್ತಾರೆ. ಹೊಟ್ಟೆನೋವು, ಸುಸ್ತು ಎನ್ನುತ್ತಾರೆ. ಅಲ್ಲಿ ದಿನಾ ಬೆಲ್ಲ, ವಾರಕ್ಕೆರಡು ಸಲ ಹಾಲು ಕೊಡುತ್ತಾರಂತೆ, ಅದರಿಂದ ವಿಷ ಇಳಿಯುತ್ತದೆ ಎನ್ನುತ್ತಾರೆ. ನಮಗೆ ಮೂರು ವರ್ಷದ ಮಗಳಿದ್ದಾಳೆ. ಅವಳಿಗೇನಾದರೂ ಆಗುತ್ತದೆಯೇ?

ಉತ್ತರ: ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. ಸೀಸದ ಧೂಳು ಅಂಗಿ, ಕೂದಲು, ಚಪ್ಪಲಿ, ಬೈಕಿನ ಸೀಟು ಇವುಗಳ ಮೇಲೆ ಕೂತು ಮನೆಗೆ ಬರುತ್ತದೆ. ನೆಲದಲ್ಲಿ ಆಡಿ ಬೆರಳನ್ನು ಬಾಯಿಗಿಡುವ ಮಕ್ಕಳ ದೇಹ, ನುಂಗಿದ ಸೀಸವನ್ನು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಅದರ ಪೆಟ್ಟು ಬೆಳೆಯುತ್ತಿರುವ ಮಿದುಳಿಗೆ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟ ಸೀಸಕ್ಕೆ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ರಕ್ತದ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ಅದು 2021ರಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಯಜಮಾನರಿಗೂ ಮಗಳಿಗೂ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಬ್ಯಾಟರಿ ಬಿಚ್ಚುವ ಕೆಲಸವೆಂದು ಮೊದಲ ಮಾತಿನಲ್ಲೇ ತಿಳಿಸಿ. ಅದನ್ನು ಹೇಳದಿದ್ದರೆ ಹೊಟ್ಟೆನೋವಿಗೆ ಗ್ಯಾಸಿನ ಮಾತ್ರೆ ಬರೆದುಕೊಟ್ಟು ಕಳುಹಿಸುವ ಸಂಭವವಿದೆ, ಯಾಕೆಂದರೆ ಸೀಸದ ಹೊಟ್ಟೆನೋವು ಬೇರೆ ಹೊಟ್ಟೆನೋವಿನಂತೆಯೇ ಕಾಣುತ್ತದೆ.

ಬೆಲ್ಲದ ನಂಬಿಕೆ ನಮ್ಮ ನಾಡಿನ ಗಿರಣಿ, ಗಣಿ, ಸಿಮೆಂಟು ಕೆಲಸದವರಲ್ಲಿ ಹಳೆಯದು. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಒಂದು ಇನ್ನೊಂದನ್ನು ತೊಳೆಯಲಾರದು. ಸುಣ್ಣದಂಶ, ಕಬ್ಬಿಣದಂಶ ಚೆನ್ನಾಗಿರುವ ಊಟ ಮಾಡುವವರ ಕರುಳು ಸೀಸವನ್ನು ಸ್ವಲ್ಪ ಕಡಿಮೆ ಹೀರುತ್ತದೆ ಎಂಬುದು ನಿಜವಾದ್ದರಿಂದ ಹಾಲು ಬೇಡವೆನ್ನುವುದಿಲ್ಲ. ಆದರೆ ಹಾಲು ಕೊಟ್ಟು ಕೈತೊಳೆಯಲು ನಲ್ಲಿಯನ್ನೂ ಬಟ್ಟೆ ಬದಲಿಸಲು ಕೋಣೆಯನ್ನೂ ಕೊಡದ ಮಾಲೀಕರು ತಮ್ಮ ಹೊಣೆ ಮುಗಿಸಿದಂತಾಗಲಿಲ್ಲ. ಕೆಲಸದ ಬಟ್ಟೆ ಅಲ್ಲಿಯೇ ಉಳಿಯಲಿ, ಅವರು ಸ್ನಾನ ಮಾಡಿ ಬೇರೆ ಬಟ್ಟೆ ಉಟ್ಟು ಹೊರಡಲಿ. ಅದು ಆಗುವವರೆಗೆ ಆ ಬಟ್ಟೆಯನ್ನು ಕೊಡವದೆ ಚೀಲದಲ್ಲಿ ತಂದು ಬೇರೆಯಾಗಿ ಒಗೆಯಿರಿ, ಮಗಳನ್ನು ಎತ್ತಿಕೊಳ್ಳುವುದು ಸ್ನಾನದ ನಂತರ ಎಂದು ಮಾಡಿಕೊಳ್ಳಿ. ಮನೆಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಬೀಡಿ ಸೇದುವುದು, ಎಲೆ ಅಡಿಕೆ ಹಾಕುವುದು, ಬುತ್ತಿ ಬಿಚ್ಚುವುದು ಎಲ್ಲವೂ ಕೈ ತೊಳೆದ ಮೇಲೆಯೇ ಆಗಲಿ. ದೇಹ ಸೇರಿದ ಸೀಸ ಮೂಳೆಯಲ್ಲಿ ಹತ್ತಾರು ವರ್ಷ ಕೂರುತ್ತದೆ, ಆದ್ದರಿಂದ ತಡಮಾಡಬೇಡಿ. ವರದಿ ಬಂದಾಗ ದಯವಿಟ್ಟು ಮತ್ತೆ ಬರೆಯಿರಿ.

ಪ್ರಶ್ನೆ: ಧಾರವಾಡದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಎಲ್ಲ ಕೆಲಸಕ್ಕೂ ಒಂದೇ ಬಗೆಯ ಲೇಟೆಕ್ಸ್ ಗ್ಲೌಸ್ ಕೊಡುತ್ತಾರೆ. ಸಾಕಾಗುತ್ತದೆಯೇ?

ಉತ್ತರ: ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ 1996ರ ಆಗಸ್ಟಿನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ, ಪಾದರಸವಿರುವ ವಿಷದ್ರವದ ಕೆಲವೇ ಹನಿಗಳನ್ನು ಲೇಟೆಕ್ಸ್ ಗ್ಲೌಸ್ ಮೇಲೆ ಬೀಳಿಸಿಕೊಂಡರು. ಅವರು ವಿಷದ ಆವಿಯನ್ನು ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್ಡಿನೊಳಗೆ, ಅಂದಿನ ನಿಯಮಗಳನ್ನು ಪಾಲಿಸಿಯೇ ಕೆಲಸ ಮಾಡುತ್ತಿದ್ದರು. ತಿಂಗಳುಗಳ ನಂತರ ನಡಿಗೆ ಮತ್ತು ಮಾತು ತಪ್ಪತೊಡಗಿತು. 1997ರ ಜೂನಿನಲ್ಲಿ ಅವರು ತೀರಿಕೊಂಡರು. ಆ ದ್ರವ ಲೇಟೆಕ್ಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿಹೋಗುತ್ತದೆಂಬುದು ಆಮೇಲೆ ನಡೆದ ಪರೀಕ್ಷೆಯಿಂದ ತಿಳಿಯಿತು. ನಿಮ್ಮಲ್ಲಿ ಆ ವಸ್ತು ಇರಲಾರದು, ಆದರೆ ಪಾಠ ಅದೇ: ಯಾವ ಗ್ಲೌಸೂ ಎಲ್ಲ ವಸ್ತುಗಳನ್ನೂ ತಡೆಯುವುದಿಲ್ಲ. ಎಣ್ಣೆ, ಪೆಟ್ರೋಲುಗಳಿಗೆ ನೈಟ್ರೈಲ್ ಒಳ್ಳೆಯದು, ಆದರೆ ಅಸಿಟೋನ್ ಅದನ್ನು ಬೇಗನೆ ದಾಟುತ್ತದೆ. ಅದಕ್ಕೆ ಬ್ಯುಟೈಲ್ ರಬ್ಬರ್ ಬೇಕು. ಸುರಕ್ಷತಾ ಮಾಹಿತಿ ಪತ್ರದ 8ನೆಯ ಭಾಗದಲ್ಲಿ ಯಾವ ಗ್ಲೌಸ್ ಎಂದು ಬರೆದಿರುತ್ತದೆ. ಹನಿ ಬಿದ್ದ ಗ್ಲೌಸನ್ನು ಕೂಡಲೇ ತೆಗೆದು ಕೈ ತೊಳೆಯಿರಿ, ಒಗೆದು ಒಣಗಿಸಿ ಮತ್ತೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಶಿರಸಿ ಬಳಿ ಅಡಿಕೆ ತೋಟವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಇದು ಹಳೆಯ ಕಾಲದ ಔಷಧಿ, ಏನೂ ಮಾಡುವುದಿಲ್ಲವೆಂದು ಮರ ಹತ್ತಿ ಸಿಂಪಡಿಸುವ ಕೊನೆಗೌಡರೂ ಹೇಳುತ್ತಾರೆ. ಹೌದೇ?

ಉತ್ತರ: ಹೊಸ ಕೀಟನಾಶಕಗಳಿಗೆ ಹೋಲಿಸಿದರೆ ಮೆದುವಾದದ್ದು ಎನ್ನಬಹುದೇ ಹೊರತು ಏನೂ ಮಾಡುವುದಿಲ್ಲ ಎನ್ನಲಾಗದು. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣವನ್ನು ಸಿಂಪಡಿಸಿದವರ ಶ್ವಾಸಕೋಶಕ್ಕೆ ಕಾಯಿಲೆ ತಗುಲಿದ್ದನ್ನು ವೈದ್ಯರು 1969ರಲ್ಲಿ ದಾಖಲಿಸಿದ್ದಾರೆ. ನಾವು ಸಿಂಪಡಿಸುವುದಕ್ಕೆಲ್ಲ ‘ಔಷಧಿ’, ‘ಮದ್ದು’ ಎಂದೇ ಹೆಸರಿಟ್ಟುಕೊಂಡಿರುವುದು ಈ ಅಸಡ್ಡೆಗೆ ಒಂದು ಕಾರಣವೆಂದು ನನಗೆ ಅನಿಸುತ್ತದೆ. ಮರದ ಮೇಲಿರುವವರಿಗೆ ಗಾಳಿಯ ದಿಕ್ಕು ನೋಡಿ ಹೊಡೆಯಲು ಹೇಳಿ. ಕಣ್ಣಿಗೆ ಕನ್ನಡಕ, ಬಾಯಿಮೂಗಿಗೆ ಮರೆ ಇರಲಿ.

ದ್ರಾವಣ ತಯಾರಿಸುವಾಗಿನ ಅಪಾಯ ಇನ್ನೂ ಹತ್ತಿರದ್ದು. ಶೇಕಡಾ 1ರ ದ್ರಾವಣಕ್ಕೆ ನೂರು ಲೀಟರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ಆ ಸುಣ್ಣ ಸುಟ್ಟ ಸುಣ್ಣವಾಗಿದ್ದರೆ ನೀರು ಬಿದ್ದಾಗ ಕೊತಕೊತನೆ ಕುದಿದು ಸಿಡಿಯುತ್ತದೆ. ಬಗ್ಗಿ ನೋಡುತ್ತಿದ್ದವರ ಕಣ್ಣಿಗೆ ಒಂದು ತುಣುಕು ಹಾರಿದರೂ ದೃಷ್ಟಿ ಹೋಗಬಹುದು, ಏಕೆಂದರೆ ಕ್ಷಾರವು ಕಣ್ಣಿನ ಒಳಪದರಗಳಿಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾದರೆ ಕಣ್ಣುಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಇಪ್ಪತ್ತು ನಿಮಿಷವಾದರೂ ಶುದ್ಧ ನೀರು ಹರಿಸಿ, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಮೊದಲು ಹೊರಟು ದಾರಿಯಲ್ಲಿ ನೋಡೋಣವೆಂದರೆ ಶಿರಸಿ ಪೇಟೆ ಮುಟ್ಟುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಸುಣ್ಣ ಅರಳಿಸುವ ಜಾಗದಲ್ಲಿ ಒಂದು ಕೊಡ ಒಳ್ಳೆಯ ನೀರನ್ನೂ ಚೊಂಬನ್ನೂ ಅದಕ್ಕೆಂದೇ ಮೊದಲೇ ತುಂಬಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಉಳಿದ ಮೈಲುತುತ್ತನ್ನು ತಂಪುಪಾನೀಯದ ಬಾಟಲಿಯಲ್ಲೋ ಅಡುಗೆಮನೆಯ ಡಬ್ಬಿಯಲ್ಲೋ ಹಾಕದೆ, ತಂದ ಚೀಲದಲ್ಲೇ ಬಾಯಿ ಕಟ್ಟಿ, ಹೆಸರು ಕಾಣುವಂತೆ, ಬೀಗವಿರುವ ಕಪಾಟಿನಲ್ಲಿಡಿ.